ಚೀತಾ ಓಟ ಗೊತ್ತಾಯಿತು, ಮಳೆ ಎಷ್ಟು ಸರಿದಿದೆ ಹೇಳಿ

ಮಾನ್ಯ ಸಂಪಾದಕರೇ,

ಕಳೆದ ಭಾನುವಾರದ ಮಕ್ಕಳ ಪುಟದಲ್ಲಿ ‘ಯಾರು ಎಷ್ಟು ವೇಗ’ ಅಂತ ದೊಡ್ಡ ಪಟ್ಟಿ ಹಾಕಿದ್ದಿರಿ. ಚೀತಾ, ಪೆರಿಗ್ರಿನ್ ಫಾಲ್ಕನ್ ಅನ್ನುವ ಬೇಟೆ ಹಕ್ಕಿ, ಜಪಾನಿನ ಬುಲೆಟ್ ರೈಲು, ಸೂರ್ಯನ ಹತ್ತಿರ ಹೋದ ಪಾರ್ಕರ್ ನೌಕೆ ಎಲ್ಲ ಅದರಲ್ಲಿದ್ದವು. ಅದೇ ಪುಟದ ಕೆಳಗೆ, ಜಾಗ ಉಳಿಯಿತು ಅಂತಲೋ ಏನೋ, ಮಂಜುಗಡ್ಡೆ ಮೇಲೆ ನಿಂತ ಹಿಮಕರಡಿಯ ಚಿತ್ರ, ಜೊತೆಗೆ ಮಂಜು ಕರಗುತ್ತಿದೆ ಅಂತ ನಾಲ್ಕು ಸಾಲಿನ ಸುದ್ದಿ. ನಮ್ಮ ಮನೆ ಮಕ್ಕಳು ಪಟ್ಟಿಯನ್ನು ಬಾಯಿಪಾಠ ಮಾಡಿಬಿಟ್ಟರು. ಕರಡಿಯನ್ನು ನೋಡಿ ‘ಪಾಪ’ ಅಂದರು, ಪುಟ ತಿರುಗಿಸಿದರು. ನನಗೆ ಕಾಣುವ ಹಾಗೆ ಆ ಎರಡೂ ಒಂದೇ ಸುದ್ದಿ, ವೇಗದ ಸುದ್ದಿ. ಅದನ್ನು ಹೇಳೋಣ ಅಂತಲೇ ಈ ಪತ್ರ.

ಮೊದಲು ಪಟ್ಟಿಯ ತಕರಾರು ಮುಗಿಸಿಬಿಡುತ್ತೇನೆ. ಚೀತಾಗೆ ಗಂಟೆಗೆ 120 ಕಿ.ಮೀ. ಅಂತ ಬರೆದಿದ್ದೀರಿ. ಬೋಟ್ಸ್ವಾನಾದಲ್ಲಿ ಕಾಡಿನ ಚೀತಾಗಳ ಕೊರಳಿಗೆ ಅಳತೆಯ ಉಪಕರಣ ಇರುವ ಕಾಲರ್ ಹಾಕಿ ಅಳೆದ ಅಧ್ಯಯನ 2013ರಲ್ಲಿ ಬಂತು. ಅದರಲ್ಲಿ ಸಿಕ್ಕ ಅತಿ ಜಾಸ್ತಿ ವೇಗ 93 ಕಿ.ಮೀ. ಅದೂ ಒಂದೆರಡು ಸೆಕೆಂಡು. ಬೇಟೆಯಲ್ಲಿ ಅದು ಓಡುವುದು ಬಹುಪಾಲು ಅದಕ್ಕಿಂತ ಎಷ್ಟೋ ನಿಧಾನ. ಅದರ ನಿಜವಾದ ಚಾಲಾಕಿತನ ಇರುವುದು ಥಟ್ಟನೆ ತಿರುಗುವುದರಲ್ಲಿ, ಓಡುತ್ತಾ ಓಡುತ್ತಾ ಬ್ರೇಕ್ ಹಾಕುವುದರಲ್ಲಿ.

ಫಾಲ್ಕನ್ 300 ಕಿ.ಮೀ. ದಾಟುವುದು ನಿಜ. ಆದರೆ ಅದು ರೆಕ್ಕೆ ಮಡಿಸಿಕೊಂಡು ಮೇಲಿಂದ ಬೀಳುವಾಗಿನ ವೇಗ. ಪಾರ್ಕರ್ ನೌಕೆ 2024ರ ಡಿಸೆಂಬರ್ 24ರಂದು ಗಂಟೆಗೆ ಸುಮಾರು 6.9 ಲಕ್ಷ ಕಿ.ಮೀ. ಮುಟ್ಟಿತಲ್ಲ, ಅದೂ ಸೂರ್ಯನ ಸೆಳೆತಕ್ಕೆ ಸಿಕ್ಕಿ ಬೀಳುವಾಗಲೇ. ಬೀಳುವ ಎರಡನ್ನು ತಂದು ಹಳಿ ಮೇಲೆ ಕರೆಂಟಿನಲ್ಲಿ ಓಡುವ ರೈಲಿನ ಪಕ್ಕ ಕೂರಿಸಿದರೆ ಲೆಕ್ಕ ಹೊಂದುವುದಿಲ್ಲ, ಅಲ್ವಾ? (ರೈಲೇ ಇಲ್ಲದ ಜಿಲ್ಲೆಯವನಿಗೆ ರೈಲಿನ ಉಸಾಬರಿ ಯಾಕೆ ಅನ್ನಬೇಡಿ.) ಹಕ್ಕಿ ಮತ್ತು ರೈಲನ್ನು ಒಟ್ಟಿಗೆ ತರಲೇಬೇಕಿದ್ದರೆ ಇನ್ನೂ ಒಳ್ಳೆಯ ಕಥೆ ಇತ್ತು. ಜಪಾನಿನ ಬುಲೆಟ್ ರೈಲು ಸುರಂಗದಿಂದ ಹೊರಗೆ ಬರುವಾಗ ಗುಂಡು ಹೊಡೆದ ಹಾಗೆ ಸದ್ದಾಗುತ್ತಿತ್ತು. ಐಜಿ ನಕಾತ್ಸು ಅನ್ನುವ ಇಂಜಿನಿಯರಿಗೆ ಹಕ್ಕಿ ನೋಡುವ ಹುಚ್ಚು. ನೀರು ಚಿಮ್ಮದ ಹಾಗೆ ಮುಳುಗುವ ಮಿಂಚುಳ್ಳಿಯ ಕೊಕ್ಕನ್ನು ನೋಡಿ ರೈಲಿನ ಮೂತಿಯನ್ನೇ ಹಾಗೆ ಮಾಡಿಸಿದರು. 1997ರಲ್ಲಿ ಆ ರೈಲು 300 ಕಿ.ಮೀ. ವೇಗದಲ್ಲಿ ಓಡತೊಡಗಿತು. ಮಕ್ಕಳಿಗೆ ಹೇಳಬೇಕಾದ್ದು ಇಂಥದ್ದು.

ಈಗ ಕರಡಿಗೆ ಬರೋಣ. ಹಿಮಕರಡಿ ಗಂಟೆಗೆ 40 ಕಿ.ಮೀ. ಓಡಬಲ್ಲದು. ಆದರೆ ಆ ಓಟದಿಂದ ಅದರ ಹೊಟ್ಟೆ ತುಂಬುವುದಿಲ್ಲ. ಸಮುದ್ರದ ಮಂಜುಗಡ್ಡೆಯಲ್ಲಿ ಸೀಲ್ ಅನ್ನುವ ಕಡಲ ಪ್ರಾಣಿಗಳು ಉಸಿರಾಡಲು ಮಾಡಿಕೊಂಡ ತೂತಿನ ಪಕ್ಕ ಗಂಟೆಗಟ್ಟಲೆ ಅಲ್ಲಾಡದೆ ಕಾಯುವುದೇ ಅದರ ಬೇಟೆ. ತೆರೆದ ನೀರಿನಲ್ಲಿ ಸೀಲ್ ಹಿಡಿಯುವುದು ಅದರ ಕೈಲಾಗದ ಕೆಲಸ. ಹಾಗಾಗಿ ಮಂಜು ಹೋಯಿತು ಅಂದರೆ ಕರಡಿಗೆ ನಿಲ್ಲುವ ನೆಲ ಹೋಯಿತು ಅಂತ ಮಾತ್ರ ಅಲ್ಲ, ಬಲೆಯೇ ಹೋಯಿತು. 2008ರಲ್ಲಿ ಅಲಾಸ್ಕಾದ ಉತ್ತರಕ್ಕಿರುವ ಬೋಫೋರ್ಟ್ ಸಮುದ್ರದಲ್ಲಿ ಕಾಲರ್ ಹಾಕಿದ್ದ ಒಂದು ಹೆಣ್ಣು ಕರಡಿ ಮಂಜು ಹುಡುಕಿಕೊಂಡು 232 ಗಂಟೆ ಬಿಡದೆ ಈಜಿತು. ದೂರ 687 ಕಿ.ಮೀ. ಭಾಗಿಸಿ ನೋಡಿ, ಗಂಟೆಗೆ 3 ಕಿ.ಮೀ. ಕೂಡ ಆಗುವುದಿಲ್ಲ, ನಾವು ನಡೆಯುವುದಕ್ಕಿಂತ ಕಡಿಮೆ. ಆ ಪ್ರಯಾಣ ಮತ್ತು ಅದರ ನಂತರದ ಅಲೆದಾಟ ಮುಗಿಯುವಷ್ಟರಲ್ಲಿ ಅದು ಮೈತೂಕದ ಐದನೇ ಒಂದು ಭಾಗಕ್ಕಿಂತ ಜಾಸ್ತಿ ಕಳೆದುಕೊಂಡಿತ್ತು, ಜೊತೆಗಿದ್ದ ಮರಿಯೂ ಹೋಗಿತ್ತು. ಪಟ್ಟಿಯಲ್ಲಿ ಇದಕ್ಕೆ ಯಾವ ಸ್ಥಾನ ಕೊಡುತ್ತೀರಿ? ಕೆನಡಾದ ಪಶ್ಚಿಮ ಹಡ್ಸನ್ ಕೊಲ್ಲಿಯಲ್ಲಿ 1980ರ ದಶಕದಲ್ಲಿ ಸುಮಾರು 1,200 ಕರಡಿಗಳಿದ್ದವು, 2021ರ ಅಂದಾಜಿನಲ್ಲಿ ಉಳಿದದ್ದು 618. ಒಂದು ಹೆಣ್ಣು ಕರಡಿ ಸಾಮಾನ್ಯವಾಗಿ ಎರಡು ಮರಿ ಹಾಕಿ ಎರಡೂವರೆ ವರ್ಷ ಜೊತೆಗಿಟ್ಟುಕೊಂಡು ಸಾಕುತ್ತದೆ, ಆ ನಡಿಗೆಯಲ್ಲಿ ಈ ನಷ್ಟ ತುಂಬುವುದು ಹೇಗೆ?

ನಿಮ್ಮ ಪಟ್ಟಿಯ ಹೀರೋ ಫಾಲ್ಕನ್ ಉತ್ತರ ಧ್ರುವದ ಕಡೆಯೂ ಇದೆ ಅಂತ ಬರೆಯಬಹುದಿತ್ತು. ರಷ್ಯಾದ ತುಂಡ್ರಾ ಬಯಲಿನಲ್ಲಿ ಮರಿ ಮಾಡುವ ಪೆರಿಗ್ರಿನ್‌ಗಳು ಚಳಿಗಾಲಕ್ಕೆ ಭಾರತಕ್ಕೆ ಬರುತ್ತವೆ. ಅದೇ ಜಾತಿ ಕೆನಡಾದ ರಾಂಕಿನ್ ಇನ್ಲೆಟ್ ಅನ್ನುವ ಊರಿನ ಬಂಡೆಗಳಲ್ಲೂ ಗೂಡು ಮಾಡುತ್ತದೆ. ಅಲ್ಲಿ ಮರಿಗಳು ಸಾಯುವುದಕ್ಕೆ ದೊಡ್ಡ ಕಾರಣ ಮಳೆ ಅಂತ ಸಂಶೋಧಕರು ಕಂಡುಕೊಂಡಿದ್ದಾರೆ. ಪುಕ್ಕ ಬಲಿಯದ ಮರಿಯ ಮೈಮೇಲಿನ ತುಪ್ಪುಳು ನೀರು ತಡೆಯುವುದಿಲ್ಲ. ಜೋರು ಮಳೆ ಬಂದರೆ ನೆನೆದು, ಚಳಿಗೆ ಸೆಟೆದು ಸಾಯುತ್ತವೆ. ಅಲ್ಲಿ ಜೋರು ಮಳೆಯ ದಿನಗಳು ಹೆಚ್ಚಿವೆ. ತಾಯಿ ಎಷ್ಟೇ ವೇಗವಾಗಿ ಎರಗಿದರೂ ಮಳೆಯನ್ನು ಹಿಡಿಯಲು ಆಗುತ್ತದೆಯೇ?

ಮಳೆ ಬಾರದ ಕಾಲದಲ್ಲಿ ಬಂದರೆ ಏನಾಗುತ್ತದೆ ಅನ್ನುವುದಕ್ಕೆ ಸೈಬೀರಿಯಾದ ಯಮಾಲ್ ಇನ್ನೂ ದೊಡ್ಡ ಉದಾಹರಣೆ. 2013ರ ನವೆಂಬರ್‌ನಲ್ಲಿ, ಹಿಮ ಬೀಳಬೇಕಾದ ಹೊತ್ತಿನಲ್ಲಿ, ಅಲ್ಲಿ ಮಳೆ ಬಂತು. ಬಂದ ನೀರು ಹಿಮದ ಮೇಲೆ ಗಾಜಿನಂತೆ ಗಟ್ಟಿಯಾಯಿತು. ಕೆಳಗಿರುವ ಮೇವಿಗೆ ಹಿಮಸಾರಂಗಗಳ ಗೊರಸು ತಲುಪಲಿಲ್ಲ. ಆ ಚಳಿಗಾಲದಲ್ಲಿ ಸುಮಾರು 61,000 ಹಿಮಸಾರಂಗಗಳು ಹಸಿವಿನಿಂದ ಸತ್ತವು. ಅವು ಕಾಡಿನವಲ್ಲ, ಅಲ್ಲಿನ ನೆನೆಟ್ಸ್ ಜನ ಸಾಕಿದವು, ಅವರ ಬದುಕೇ ಅದು.

ನನ್ನ ಮನಸ್ಸಿಗೆ ಜಾಸ್ತಿ ತಾಗಿದ್ದು ಮಾತ್ರ ರೆಡ್ ನಾಟ್ ಅನ್ನುವ ಸಣ್ಣ ಹಕ್ಕಿಯದ್ದು. ಸೈಬೀರಿಯಾದ ತೈಮಿರ್‌ನಲ್ಲಿ ಮರಿ ಮಾಡಿ, ಚಳಿಗಾಲಕ್ಕೆ ಆಫ್ರಿಕಾದ ಮಾರಿಟೇನಿಯಾ ತೀರಕ್ಕೆ ಹಾರಿ ಹೋಗುವ ಹಕ್ಕಿ. ತೈಮಿರ್‌ನಲ್ಲಿ ಹಿಮ ಕರಗುವ ದಿನ ವರ್ಷಕ್ಕೆ ಅರ್ಧ ದಿನದಂತೆ ಮೊದಲೇ ಬರತೊಡಗಿದೆ. ಅರ್ಧ ದಿನ ಅಂದರೆ ಯಾರ ಕಣ್ಣಿಗೂ ಬೀಳುವುದಿಲ್ಲ. ಆದರೆ 33 ವರ್ಷದ ಲೆಕ್ಕ ಹಾಕಿದರೆ ಎರಡು ವಾರಕ್ಕಿಂತ ಜಾಸ್ತಿ. ಹಿಮ ಬೇಗ ಕರಗಿದರೆ ಹುಳುಗಳೂ ಬೇಗ ಬರುತ್ತವೆ, ಮರಿಗಳು ಬೆಳೆಯುವ ಹೊತ್ತಿಗೆ ಅವುಗಳ ಸುಗ್ಗಿ ಮುಗಿದುಹೋಗಿರುತ್ತದೆ. ಸರಿಯಾಗಿ ತಿನ್ನದ ಮರಿ ಗಿಡ್ಡವಾಗಿ ಬೆಳೆಯುತ್ತದೆ, ಕೊಕ್ಕೂ ಗಿಡ್ಡ. ಏಟು ಬೀಳುವುದು ಆಮೇಲೆ, ಸಾವಿರಾರು ಕಿ.ಮೀ. ದೂರದ ಮಾರಿಟೇನಿಯಾದಲ್ಲಿ. ಅಲ್ಲಿ ಮರಳಿನ ಆಳದಲ್ಲಿರುವ ಚಿಪ್ಪುಹುಳ ಗಿಡ್ಡ ಕೊಕ್ಕಿಗೆ ಸಿಗುವುದಿಲ್ಲ. ಇದು 2016ರಲ್ಲಿ ಪ್ರಕಟವಾದ ಅಧ್ಯಯನ. ವರ್ಷಕ್ಕೆ ಅರ್ಧ ದಿನ! ನಿಮ್ಮ ಪಟ್ಟಿಯಲ್ಲಿ ಇದಕ್ಕಿಂತ ನಿಧಾನದ್ದು ಯಾವುದೂ ಇಲ್ಲ, ಇದಕ್ಕಿಂತ ಅಪಾಯದ್ದೂ ಇಲ್ಲ.

ನಿಧಾನ ಅಂದರೆ ನಿರಪಾಯ ಅಂತ ನಾವು ಸುಮ್ನೆ ಅಂದುಕೊಂಡಿದ್ದೇವೆ. ಗ್ರೀನ್‌ಲ್ಯಾಂಡಿನ ಯಾಕೋಬ್ಸ್‌ಹಾವ್ನ್ ಹಿಮನದಿ 2012ರ ಬೇಸಿಗೆಯಲ್ಲಿ ದಿನಕ್ಕೆ 46 ಮೀಟರ್ ಜಾರಿ ದಾಖಲೆ ಮಾಡಿತು. ನಮ್ಮ ಶನಿವಾರಸಂತೆ ಕಡೆ ಕಾಫಿ ತೋಟಕ್ಕೆ ನುಗ್ಗಿ ಕಾಟ ಕೊಟ್ಟ ಆಫ್ರಿಕನ್ ಬಸವನಹುಳು ಅದಕ್ಕಿಂತ ಜೋರಾಗಿ ಹರಿಯುತ್ತದೆ. 1979ರಿಂದ ಈಚೆಗೆ ಆರ್ಕ್ಟಿಕ್, ಅಂದರೆ ಉತ್ತರ ಧ್ರುವದ ಸುತ್ತಲಿನ ಪ್ರದೇಶ, ಭೂಮಿಯ ಸರಾಸರಿಗಿಂತ ಸುಮಾರು ನಾಲ್ಕು ಪಟ್ಟು ವೇಗವಾಗಿ ಬಿಸಿಯಾಗಿದೆ. ಕೈಗಾರಿಕೆ ಶುರುವಾಗುವ ಮುಂಚೆ ಗಾಳಿಯ ಹತ್ತು ಲಕ್ಷ ಪಾಲಿನಲ್ಲಿ 280 ಪಾಲು ಇದ್ದ ಇಂಗಾಲದ ಡೈಆಕ್ಸೈಡ್ ಈಗ 420 ದಾಟಿದೆ. ಮಂಜು ಕರಗಿದ್ದು ನೋಡಿ ಮನುಷ್ಯ ಮಾಡಿದ್ದೇನು? 2017ರಲ್ಲಿ ರಷ್ಯಾದ ಒಂದು ಗ್ಯಾಸ್ ಹಡಗು ಮಂಜು ಒಡೆಯುವ ಹಡಗಿನ ಸಹಾಯವಿಲ್ಲದೆ ಆರ್ಕ್ಟಿಕ್ ಸಮುದ್ರದ ದಾರಿಯಲ್ಲೇ ನಾರ್ವೆಯಿಂದ ದಕ್ಷಿಣ ಕೊರಿಯಾ ತಲುಪಿತು, 19 ದಿನದಲ್ಲಿ. ಶಾರ್ಟ್‌ಕಟ್ ಸಿಕ್ಕಿತು ಅಂತ ಖುಷಿ.

ಕೊಡಗಿನಲ್ಲಿ ಕೂತು ಇದೆಲ್ಲ ಯಾಕೆ ಅಂತ ನಿಮ್ಮ ಓದುಗರು ಕೇಳಬಹುದು. ಸ್ವಾಮಿ, ಬಾರದ ಹೊತ್ತಿನ ಮಳೆ ಏನು ಮಾಡುತ್ತದೆ ಅಂತ ಯಮಾಲ್‌ನವರನ್ನು ಬಿಟ್ಟರೆ ನಮಗೇ ಚೆನ್ನಾಗಿ ಗೊತ್ತು. ಮಾರ್ಚ್ ಹೊತ್ತಿಗೆ ಕಾಫಿ ಹೂವು ಅರಳಿಸುವ ಹೂಮಳೆ ಬೇಕು, ಅದಾದ ಮೇಲೆ ಕಾಯಿ ನಿಲ್ಲಲು ಇನ್ನೊಂದು ಮಳೆ ಬೇಕು. ರೋಬಸ್ಟಾ ಜಾತಿಯ ಕಾಫಿ ಹೂವು ಅರಳಿ ಇರುವುದೇ ಎರಡು ಮೂರು ದಿನ. ಅದಕ್ಕೆ ಬೇರೆ ಗಿಡದ ಪರಾಗ ಬೇಕೇ ಬೇಕು, ಗಾಳಿ ಮತ್ತು ಜೇನು ಆ ಕೆಲಸ ಮಾಡಬೇಕು. ಆ ದಿನವೇ ಇನ್ನೊಂದು ಮಳೆ ಹುಯ್ದರೆ ಹೂವು ಕೊಳೆತು ಆ ವರ್ಷದ ಕಥೆ ಮುಗಿಯಿತು. 2021ರ ನವೆಂಬರ್ ಮಳೆ ನೆನಪಿದೆಯಲ್ಲ, ಅರೇಬಿಕಾ ಕಾಫಿ ಹಣ್ಣು ಗಿಡದಲ್ಲೇ ಒಡೆದು ಉದುರಿತು, ಕುಯ್ದದ್ದು ಕಣದಲ್ಲಿ ಒಣಗಲಿಲ್ಲ. 2018ರಲ್ಲಿ ಜೋಡುಪಾಲ, ಮಕ್ಕಂದೂರು ಕಡೆ ಗುಡ್ಡ ಜಾರಿದ್ದನ್ನು ಪೂರ್ತಿ ಹವಾಮಾನದ ತಲೆಗೆ ಕಟ್ಟುವುದು ನನಗೆ ಒಪ್ಪಿಗೆಯಿಲ್ಲ, ಗುಡ್ಡ ಕೊರೆದವರೂ ನಾವೇ. ಆದರೆ ಮಳೆಯ ಲಯ ತಪ್ಪಿದೆ ಅಂತ ಇಲ್ಲಿ ಯಾವ ಬೆಳೆಗಾರನನ್ನು ಕೇಳಿದರೂ ಹೇಳುತ್ತಾನೆ. ಉತ್ತರದ ಮಂಜಿಗೂ ನಮ್ಮ ಮುಂಗಾರಿಗೂ ನಂಟು ಏನು ಅನ್ನುವುದನ್ನು ತಿಳಿಯುವುದು ಕೇಂದ್ರ ಸರ್ಕಾರದ 2022ರ ಆರ್ಕ್ಟಿಕ್ ನೀತಿಯಲ್ಲೂ ಇದೆ. ಅಲ್ಲಿನ ಸ್ವಾಲ್ಬಾರ್ಡ್ ದ್ವೀಪದಲ್ಲಿ 2008ರಿಂದಲೇ ‘ಹಿಮಾದ್ರಿ’ ಅನ್ನುವ ನಮ್ಮ ದೇಶದ ಕೇಂದ್ರ ಇದೆ.

ಕೊನೆಗೆ ಒಂದು ಕೋರಿಕೆ. ಮಳೆಗಾಲದಲ್ಲಿ ನೀವು ದಿನವೂ ಹೋಬಳಿವಾರು ಮಳೆ ಹಾಕುತ್ತೀರಿ, ಹಾರಂಗಿ ನೀರಿನ ಮಟ್ಟ ಹಾಕುತ್ತೀರಿ. ಅದು ಇವತ್ತಿನ ಲೆಕ್ಕ. ಹೂಮಳೆ ಈ ವರ್ಷ ಯಾವ ತಾರೀಕಿಗೆ ಬಂತು, ಹತ್ತು ವರ್ಷದ ಹಿಂದೆ ಯಾವಾಗ, ಐವತ್ತು ವರ್ಷದ ಹಿಂದೆ ಯಾವಾಗ ಅಂತ ಪಕ್ಕಪಕ್ಕ ಹಾಕಿದ್ದನ್ನು ನಾನು ನೋಡಿಲ್ಲ. ಅದಕ್ಕೆ ವಿಜ್ಞಾನಿಗಳೇ ಬರಬೇಕಾಗಿಲ್ಲ. ನಮ್ಮ ಎಷ್ಟೋ ತೋಟದ ಮನೆಗಳಲ್ಲಿ ಅಜ್ಜಂದಿರ ಕಾಲದಿಂದ ಇಂಚು, ಸೆಂಟ್ (ಇಂಚಿನ ನೂರನೇ ಒಂದು ಪಾಲು) ಲೆಕ್ಕದಲ್ಲಿ ಮಳೆ ಬರೆದಿಟ್ಟ ಪುಸ್ತಕಗಳಿವೆ. ಅವನ್ನೆಲ್ಲ ಕೇಳಿ ತರಿಸಿ, ನಕಲು ಮಾಡಿಕೊಂಡು, ಒಂದು ಪುಟದಲ್ಲಿ ಜೋಡಿಸಿ. ಮಕ್ಕಳ ಪುಟದಲ್ಲೇ ಹಾಕಿದರೂ ಸರಿ. ವರ್ಷಕ್ಕೆ ಎಷ್ಟು ದಿನ ಸರಿದಿದೆ ಅಂತ ಅವರೇ ಲೆಕ್ಕ ಹಾಕಲಿ, ಬೇಕಾದರೆ ಬಹುಮಾನ ಇಡಿ.

ನಮ್ಮ ಮನೆಯ ಪುಸ್ತಕ ಕೊಡಲು ನಾನು ತಯಾರು. ಮೊದಲ ಕೆಲವು ಹಾಳೆ ಗೆದ್ದಲು ತಿಂದಿದೆ, ಉಳಿದದ್ದು ಚೆನ್ನಾಗಿದೆ. ನಿಮ್ಮ ಸೋಮವಾರಪೇಟೆ ವರದಿಗಾರರನ್ನು ಕಳಿಸಿ, ಕುಯ್ಲು ಶುರುವಾಗುವ ಮುಂಚೆ ಬಂದರೆ ಕೂತು ಮಾತಾಡಲು ಪುರುಸೊತ್ತು ಇರುತ್ತದೆ.

ಇತಿ,
ಒಬ್ಬ ಕಾಫಿ ಬೆಳೆಗಾರ,
ಸೋಮವಾರಪೇಟೆ ತಾಲ್ಲೂಕು, ಕೊಡಗು