ಹಿಡಿದದ್ದನ್ನು ಬಿಡಲು ಒಂದು ಮಳೆಗಾಲ

ವಡಾಲಾ, ಮುಂಬಯಿ
ಭಾನುವಾರ ರಾತ್ರಿ

ಪ್ರೀತಿಯ ಗೆಳೆಯಾ,

ನಿನ್ನ ಮೆಸೇಜಿಗೆ ಎರಡು ಸಾಲಿನ ಉತ್ತರ ಕೊಟ್ಟು ಸುಮ್ಮನಾಗಬಹುದಿತ್ತು. "ಎಂತ ಆಟ ಮಾರಾಯ ಇದು, ಫೋಟೋದಲ್ಲಿ ಎಲ್ಲರೂ ಕೆಸರಲ್ಲಿ ಬಿದ್ದುಕೊಂಡಿದ್ದಾರೆ, ಗೆದ್ದವರು ಯಾರು ಅಂತಲೇ ಗೊತ್ತಾಗೋದಿಲ್ಲ" ಅಂತ ಕೇಳಿದ್ದೆ. ಆಟ ರಗ್ಬಿ, ಆ ಫೋಟೋದಲ್ಲಿ ಸೋತವರು ನಾವು. ಅಷ್ಟೇ ಆಗಿದ್ದರೆ ಫೋನಿನಲ್ಲೇ ಮುಗಿಯುತ್ತಿತ್ತು. ನಿನಗೆ ಹೇಳಬೇಕಾದ ಇನ್ನೊಂದು ವಿಷಯ ಇದೆ. ಎರಡು ಸಲ ಫೋನ್ ಮಾಡಿದರೂ ಅದು ಬಾಯಿಗೆ ಬರಲಿಲ್ಲ. ಹಾಗಾಗಿ ಈ ಪತ್ರ.

ನಮ್ಮ ಶಾಲೆಯ ಹುಡುಗರು ಯಾರು ಅಂತ ನಿನಗೆ ಗೊತ್ತಲ್ಲ. ಅರ್ಧಕ್ಕರ್ಧ ಮಂದಿಯ ಅಪ್ಪಂದಿರು ಉಡುಪಿ ಹೋಟೆಲುಗಳಲ್ಲಿ ಗಲ್ಲೆಯ ಮೇಲೆ, ಅಡುಗೆಮನೆಯಲ್ಲಿ, ಸಪ್ಲೈಗೆ. ಕೆಲವರು ಮೀನಿನ ವ್ಯಾಪಾರದವರು. ಮನೆಯಲ್ಲಿ ತುಳುವೋ ಕುಂದಾಪ್ರ ಕನ್ನಡವೋ, ಓಣಿಯಲ್ಲಿ ಮರಾಠಿ, ಲೋಕಲ್ ರೈಲಿನಲ್ಲಿ ಹಿಂದಿ. ಇಷ್ಟು ವರ್ಷ ನಾನು ಅವರಿಗೆ ಆಡಿಸಿದ್ದು ಕಬಡ್ಡಿ, ಖೋ ಖೋ. ಹೋದ ವರ್ಷ ಒಂದು ರಗ್ಬಿ ಚೆಂಡು ತಂದು, ಎದುರಾಳಿಯನ್ನು ಕೆಡವದೆ ಬರೀ ಮುಟ್ಟಾಟದ ರಗ್ಬಿ ಶುರು ಮಾಡಿದ್ದೆ. 2025ರ ಜೂನ್‌ನಲ್ಲಿ ಅಂಧೇರಿಯ ಕ್ರೀಡಾ ಸಂಕೀರ್ಣದಲ್ಲಿ ರಗ್ಬಿ ಪ್ರೀಮಿಯರ್ ಲೀಗ್ ಮೊದಲ ಸಲ ನಡೆಯಿತು, ಆರು ತಂಡ. ಹನ್ನೆರಡು ಹುಡುಗರನ್ನು ಕರೆದುಕೊಂಡು ಹೋದೆ. ಹುಟ್ಟಿದ್ದು ಬೆಳೆದಿದ್ದು ಎಲ್ಲ ಮುಂಬಯಿಯಲ್ಲೇ ಆದರೂ ಗಂಟಲು ಹರಿಯುವ ಹಾಗೆ ಕೂಗಿದ್ದು ಬೆಂಗಳೂರು ಬ್ರೇವ್‌ಹಾರ್ಟ್ಸ್‌ಗೆ! ಸೋಮವಾರ ಬೆಳಿಗ್ಗೆ ಸ್ಟಾಫ್ ರೂಮಿನ ಬಾಗಿಲಲ್ಲಿ ಸಾಲಾಗಿ ನಿಂತಿದ್ದರು. "ಸರ್, ಮುಟ್ಟಾಟ ಸಾಕು."

ಹೀಗೆ ಹದಿನಾಲ್ಕು ವರ್ಷದೊಳಗಿನವರ ತಂಡವಾಯಿತು. ಪಾಲಕರ ಸಭೆಯಲ್ಲಿ ತಾಯಂದಿರೆಲ್ಲ ಹೆದರಿದ್ದರು. ರಾಹುಲ್ ಬೋಸ್ ಭಾರತದ ತಂಡಕ್ಕೆ ರಗ್ಬಿ ಆಡಿದವರು ಅಂದೆ. "ಸಿನಿಮಾದವರಾ? ಅವರಿಗೆ ಹಲ್ಲೆಲ್ಲ ಸರಿ ಇದೆಯಲ್ಲ" ಅಂತ ಒಬ್ಬರು ಸಹಿ ಹಾಕಿಕೊಟ್ಟರು.

ಆಟ ನಿನಗೆ ಬೇಗ ಅರ್ಥವಾಗುತ್ತದೆ. ನಾವು ಆಡುವುದು ಸೆವೆನ್ಸ್. ಕಬಡ್ಡಿಯ ಹಾಗೆ ಇಲ್ಲೂ ಏಳು ಜನ. ಏಳು ನಿಮಿಷದ ಎರಡು ಅವಧಿ, ಒಟ್ಟು ಹದಿನಾಲ್ಕೇ ನಿಮಿಷ. ಚೆಂಡು ಸಿಪ್ಪೆ ಸುಲಿಯದ ತೆಂಗಿನಕಾಯಿಯ ಆಕಾರ. ನಮ್ಮ ಮಕ್ಕಳಿಗೆ ನಾಲ್ಕನೇ ಸೈಜು. ಕೈಯಲ್ಲಿ ಹಿಡಿದು ಎಷ್ಟು ಬೇಕಾದರೂ ಓಡು, ಆದರೆ ಕೈಯಿಂದ ಪಾಸು ಕೊಡುವುದಾದರೆ ಮುಂದಕ್ಕೆ ಕೊಡುವ ಹಾಗಿಲ್ಲ. ಎದುರಾಳಿಯ ಗೆರೆ ದಾಟಿದರೆ ಸಾಲದು, ಚೆಂಡನ್ನು ನೆಲಕ್ಕೆ ಒತ್ತಬೇಕು. ಅದು ಟ್ರೈ, 5 ಅಂಕ. ಆಮೇಲೆ ಕಂಬಗಳ ನಡುವೆ ಒದ್ದರೆ ಇನ್ನೂ 2.

ಮುಂಬಯಿಯಲ್ಲಿ ಇದು ಮಳೆಗಾಲದ ಆಟ. ನೆಲ ಮೆತ್ತಗಿದ್ದಾಗಲೇ ಬೀಳಲಿಕ್ಕೆ ಚೆಂದ. ಆಜಾದ್ ಮೈದಾನಕ್ಕೆ ಅಂಟಿಕೊಂಡೇ ಬಾಂಬೆ ಜಿಮ್‌ಖಾನಾ ಇದೆ, 1875ರದ್ದು. ಭಾರತದ ನೆಲದ ಮೊದಲ ಕ್ರಿಕೆಟ್ ಟೆಸ್ಟ್ 1933ರ ಡಿಸೆಂಬರಿನಲ್ಲಿ ನಡೆದದ್ದು ಅಲ್ಲೇ. ಬಿಸಿಲಲ್ಲಿ ಕ್ರಿಕೆಟ್ ಆಡುವ ಅದೇ ಹುಲ್ಲಿನಲ್ಲಿ ಮಳೆ ಬಂದ ಮೇಲೆ ರಗ್ಬಿ. ನನ್ನ ಹುಡುಗರು ಬೇಲಿಗೆ ಮೂಗು ಒತ್ತಿ ನಿಂತು ನೋಡಿದರು, ಅದೂ ಛತ್ರಿ ಮಡಚಿಕೊಂಡು.

ಜುಲೈಯಲ್ಲಿ ಮೊದಲ ಪಂದ್ಯ. 0–33.

ಸೋಲು ನಿರೀಕ್ಷಿಸಿದ್ದೆ, ಅದು ಬಂದ ದಾರಿ ಬೇರೆ ಇತ್ತು. ನನ್ನ ಹುಡುಗರು ಹಿಡಿತದಲ್ಲಿ ಒಂದು ಗುಲಗಂಜಿಯೂ ಕಡಿಮೆ ಇರಲಿಲ್ಲ. ಅವರಿಗಿಂತ ಒಂದೂವರೆ ಪಟ್ಟು ದಪ್ಪಗಿದ್ದವರನ್ನು ತೊಡೆಗೆ, ಪಾದಕ್ಕೆ ಹಾಕಿ ಕೆಡವಿದರು. ಕೆಡವಿದ ಮೇಲೆ ಬಿಡಲೇ ಇಲ್ಲ! ರಗ್ಬಿಯಲ್ಲಿ ಎದುರಾಳಿ ನೆಲಕ್ಕೆ ಬಿದ್ದ ಕ್ಷಣ ಕೆಡವಿದವನು ಅವನನ್ನು ಬಿಡಬೇಕು, ಬಿದ್ದವನು ಚೆಂಡು ಬಿಡಬೇಕು. ಆಮೇಲೆ ಎದ್ದು ಕಾಲ ಮೇಲೆ ನಿಂತವನಿಗೇ ಚೆಂಡು ಮುಟ್ಟುವ ಹಕ್ಕು, ಅದೂ ತನ್ನ ಕಡೆಯಿಂದ ಬಂದರೆ. ನಮ್ಮವರು ನೆಲಕ್ಕೆ ಅಂಟಿಕೊಂಡು, ಕಣ್ಣು ಮುಚ್ಚಿ, ಹಲ್ಲು ಕಚ್ಚಿ, ಸೀಟಿಗೆ ಕಾಯುತ್ತಿದ್ದರು. ರೆಫರಿ ಸೀಟಿ ಊದುತ್ತಿದ್ದರು, ಪೆನಾಲ್ಟಿ ಅವರಿಗೆ ಕೊಡಲಿಕ್ಕೆ. ಒಟ್ಟು ಹನ್ನೊಂದು ಪೆನಾಲ್ಟಿಯಲ್ಲಿ ಎಂಟು ಇದೊಂದೇ ತಪ್ಪಿಗೆ. "ಸೀಟಿ ಕೇಳುವವರೆಗೆ ಬಿಡಬೇಡ." ಐದನೇ ಕ್ಲಾಸಿನಿಂದ ಅವರ ತಲೆಗೆ ಇದನ್ನು ತುಂಬಿದವನು ನಾನೇ.

ಮರುದಿನದಿಂದ ಕೆಲಸ ಶುರು. ಸಯನ್‌ನ ಒಂದು ಹೋಟೆಲಿನಲ್ಲಿ ಅಡುಗೆ ಮಾಡುವ ಒಬ್ಬ ಹುಡುಗನ ಅಪ್ಪ ಅಕ್ಕಿಯ ಖಾಲಿ ಗೋಣಿಗೆ ತೆಂಗಿನ ನಾರು ಗಿಡಿದು, ಬಾಯಿ ಹೊಲಿದು ಟ್ಯಾಕ್ಸಿಯಲ್ಲಿ ತಂದುಕೊಟ್ಟರು. ಮಳೆಗೆ ನೆನೆದರೆ ಅದರ ತೂಕ ಇಮ್ಮಡಿ. ಒಬ್ಬ ಹಿಂದೆ ನಿಂತು ಅದನ್ನು ಆನಿಸಿ ಹಿಡಿಯುವುದು, ಇನ್ನೊಬ್ಬ ಬಂದು ಕೆಡವುವುದು. "ತಲೆ ಎಲ್ಲಿ?" ಅಂತ ನಾನು, "ಹಿಂದೆ!" ಅಂತ ಅವರು. ಭುಜ ಎದುರಾಳಿಯ ತೊಡೆಗೆ, ಕೆನ್ನೆ ಅವನ ಕುಂಡೆಗೆ ಒತ್ತಿ, ತಲೆ ಅವನ ಹಿಂಬದಿಗೆ. ಕಣ್ಣು ತೆರೆದಿರಬೇಕು. ತಲೆ ಮುಂದೆ ಹೋದರೆ ಮೊಣಕಾಲು ಬಡಿಯುತ್ತದೆ. ಅದಾದ ಮೇಲೆ ನಾಲ್ಕು ಮಾತು: ಹಿಡಿ, ಬೀಳು, ಬಿಡು, ಏಳು. ಎಲ್ಲರೂ ಒಟ್ಟಿಗೆ, ಯಕ್ಷಗಾನದ ತಾಳದ ಹಾಗೆ. "ನಾವು ಏಳು ಜನ, ಅದಕ್ಕೇ ಕೊನೆಗೆ ಏಳು" ಅಂತ ಅವರೇ ಅರ್ಥ ಹಚ್ಚಿಕೊಂಡರು. ಮೂರನೆಯ ಮಾತು ಮಾತ್ರ ಕೈಗೆ ಇಳಿಯುತ್ತಿರಲಿಲ್ಲ. ಬೆರಳು ಗೋಣಿಯಲ್ಲೇ ಸಿಕ್ಕಿಕೊಂಡಿರುತ್ತಿತ್ತು.

ರಿಯೋ ಒಲಿಂಪಿಕ್ಸ್‌ನ ಫೈನಲ್ ತೋರಿಸಿದೆ. 2016ರಲ್ಲಿ ಫಿಜಿ ಬ್ರಿಟನ್ನನ್ನು 43–7ರಿಂದ ಸೋಲಿಸಿದ್ದು; ಆ ಪುಟ್ಟ ದ್ವೀಪ ದೇಶಕ್ಕೆ ಅದೇ ಮೊಟ್ಟಮೊದಲ ಒಲಿಂಪಿಕ್ ಪದಕ, ಅದೂ ಚಿನ್ನ. ಟ್ರೈಗಳನ್ನು ಓಡಿಸಿಬಿಟ್ಟೆ. ಫಿಜಿಯವನು ಕೆಡವಿದ ಮೇಲಿನ ಒಂದು ಸೆಕೆಂಡು ಮಾತ್ರ ನಿಲ್ಲಿಸಿ ನಿಲ್ಲಿಸಿ ನೋಡಿದೆವು.

ಕಿಂಗ್ಸ್ ಸರ್ಕಲ್ ನೀರಿನಲ್ಲಿ ಮುಳುಗಿ ಪಂದ್ಯ ರದ್ದಾದ ದಿನ ಕಲ್ಕತ್ತಾ ಕಪ್ಪಿನ ಕಥೆ ಹೇಳಿದೆ. ಕಲ್ಕತ್ತೆಯಲ್ಲಿ 1873ರಲ್ಲಿ ರಗ್ಬಿ ಕ್ಲಬ್ ಶುರುವಾಗಿ, ಕೆಲವೇ ವರ್ಷಕ್ಕೆ ಆಡುವವರಿಲ್ಲದೆ ಮುಚ್ಚುವ ಹೊತ್ತಿಗೆ ಬ್ಯಾಂಕಿನಲ್ಲಿದ್ದ ದುಡ್ಡನ್ನೆಲ್ಲ ಬೆಳ್ಳಿ ರೂಪಾಯಿಯಾಗಿ ತೆಗೆದು, ಕರಗಿಸಿ, ಒಂದು ಕಪ್ ಮಾಡಿಸಿದರು. ಹಿಡಿಕೆಗೆ ಮೂರು ಕಾಳಿಂಗ ಸರ್ಪ, ಮುಚ್ಚಳದ ಮೇಲೆ ಆನೆ. 1879ರಿಂದ ಇಂಗ್ಲೆಂಡ್ ಮತ್ತು ಸ್ಕಾಟ್ಲೆಂಡ್ ಅದಕ್ಕೋಸ್ಕರ ಆಡುತ್ತಿವೆ. ಗಲ್ಲೆಯ ಮೇಲೆ ಕೂರುವವರ ಮಗ ಒಬ್ಬನಿದ್ದಾನೆ, ನಮ್ಮ ಕಬಡ್ಡಿ ತಂಡದ ಎಡ ಕಾರ್ನರ್, ಮೂವತ್ತನಾಲ್ಕು ಕೆಜಿ. ಅವನು ತುಂಬ ಹೊತ್ತು ಯೋಚಿಸಿ ಕೇಳಿದ: "ರೂಪಾಯಿ ಕರಗಿಸಲಿಕ್ಕೆ ಅವರಿಗೆ ಮನಸ್ಸು ಹೇಗೆ ಬಂತು ಸರ್?"

ಮಧ್ಯದ ಪಂದ್ಯಗಳನ್ನು ಬೇಗ ಹೇಳಿಬಿಡುತ್ತೇನೆ. 5–24 ಸೋಲು. 12–12 ಸಮ. ಆಮೇಲೆ 17–5, ನಮ್ಮ ಮೊದಲ ಗೆಲುವು. ಆ ದಿನ ಮಾಟುಂಗದಲ್ಲಿ ಎಲ್ಲರಿಗೂ ಬನ್ಸ್ ಕೊಡಿಸಿದೆ, ಕೆಸರು ಬಟ್ಟೆಯಲ್ಲೇ. ಮೈದಾನದ ಗೆರೆಯ ಹೊರಗೆ ನಿಂತು ಅಪ್ಪಂದಿರೂ ಕಲಿತಿದ್ದರು. ಯಾರಾದರೂ ಕೆಡವಿದ ಕೂಡಲೇ ಒಬ್ಬರು "ಬಿಡೋ", ಇನ್ನೊಬ್ಬರು "ಬುಡ್ಲ", ಬಸ್ಸಿನ ಡ್ರೈವರ್ "ಸೋಡ್ ರೇ". ಪೆನಾಲ್ಟಿ ಎಂಟರಿಂದ ಐದಕ್ಕೆ, ಮೂರಕ್ಕೆ ಇಳಿದಿತ್ತು.

ಆಗಸ್ಟ್ ಕೊನೆಯ ಪಂದ್ಯವನ್ನು ಮಾತ್ರ ಹಾಗೆ ದಾಟಲಾರೆ. 12–5 ಮುಂದಿದ್ದೆವು. ನಮ್ಮ ಅತಿ ವೇಗದ ಹುಡುಗ ಒಬ್ಬನನ್ನು ಕೆಡವಲು ಹೋದ, ತಲೆ ಮುಂದೆ ಹೋಯಿತು. ಮೊಣಕಾಲು ತಾಗಿತು. ಎದ್ದ, ನಕ್ಕ, ಶರ್ಟು ಕೊಡವಿಕೊಂಡ. ಹೋಗಿ ಎದುರು ತಂಡದ ಸಾಲಿನಲ್ಲಿ ನಿಂತ. ನಾನು ಒಳಗೆ ಓಡಿ "ಇದು ಮೊದಲ ಅವಧಿಯಾ, ಎರಡನೆಯದಾ?" ಅಂದೆ. ಅವನು ನನ್ನ ಬಾಯಿಯನ್ನೇ ನೋಡುತ್ತಿದ್ದ. ತಲೆಗೆ ಪೆಟ್ಟು ಅಂತ ಅನುಮಾನ ಬಂದರೆ ಸಾಕು, ಆ ದಿನ ಆಟಗಾರ ಮತ್ತೆ ಒಳಗೆ ಇಳಿಯುವ ಹಾಗಿಲ್ಲ. ಹೊರಗೆ ಕೂರಿಸಿದೆ. ಅವನ ಅಪ್ಪ ನೀರಿನ ಬಾಟಲಿ ಹಿಡಿದು ಬಂದರು. "ಸರ್, ಎಂತ ಆಗಲಿಲ್ಲ, ಎದ್ದು ನಿಂತಿದ್ದಾನಲ್ಲ. ಇನ್ನು ಮೂರೇ ನಿಮಿಷ." ಇಲ್ಲ ಅಂದೆ. ಮೂರು ನಿಮಿಷದಲ್ಲಿ ಎರಡು ಟ್ರೈ ಬಿಟ್ಟುಕೊಟ್ಟು 12–17ಕ್ಕೆ ಸೋತೆವು. ಆ ಅಪ್ಪ ನನ್ನ ಕಡೆ ನೋಡದೆ ಮಗನನ್ನು ಡಾಕ್ಟರ ಹತ್ತಿರ ಕರೆದುಕೊಂಡು ಹೋದರು.

ರಾತ್ರಿ ಒಂಬತ್ತಕ್ಕೆ ಫೋನು. ಟ್ಯಾಕ್ಸಿಯಲ್ಲಿ ಎರಡು ಸಲ ವಾಂತಿಯಾಯಿತಂತೆ, ಒಂದು ರಾತ್ರಿ ಆಸ್ಪತ್ರೆಯಲ್ಲೇ ಇರಿಸಿಕೊಳ್ಳುತ್ತಾರಂತೆ. ಇಷ್ಟು ಹೇಳಿ ಸುಮ್ಮನಾದರು. ಸ್ವಲ್ಪ ಹೊತ್ತು ಆ ಕಡೆಯಿಂದ ಫ್ಯಾನಿನ ಸದ್ದು ಮಾತ್ರ ಕೇಳುತ್ತಿತ್ತು. ಹುಡುಗ ಈಗ ಆರಾಮಿದ್ದಾನೆ. ಡಾಕ್ಟರು ಬರೆದುಕೊಟ್ಟ ಮೇಲೆ ಮೊದಲು ನಡಿಗೆ, ಆಮೇಲೆ ಓಟ ಅಂತ ಒಂದೊಂದೇ ಮೆಟ್ಟಿಲು ಹತ್ತಿಸುತ್ತಿದ್ದೇನೆ.

ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಕಣ್ಣ ಮುಂದೆ ಇದ್ದದ್ದು ನೀನು.

ಎರಡನೇ ಪಿಯುಸಿ. ದೇವಸ್ಥಾನದ ಹಿಂದಿನ ಕೊಯ್ದ ಗದ್ದೆ, ಬಿದಿರಿಗೆ ಕಟ್ಟಿದ ಟ್ಯೂಬ್‌ಲೈಟು. ನೀನು ಎಡ ಕಾರ್ನರ್, ನಾನು ಬಲ. ಆಚೆ ಊರಿನ ಆ ಎತ್ತರದ ಹುಡುಗ ದಾಳಿಗೆ ಬಂದ, ನೀನು ಪಾದ ಹಿಡಿದೆ. ಅವನು ಬಿದ್ದ, ಉಳಿದವರೆಲ್ಲ ಮೇಲೆ ಬಿದ್ದರು. ಸೀಟಿ ಆಯಿತು ಅಂತ ನಿನಗೆ ಅನ್ನಿಸಿರಬೇಕು, ಒಂದು ಕ್ಷಣ ಕೈ ಸಡಿಲಿಸಿದ್ದೆ. ಆಗ ಒಬ್ಬ "ಬಿಡಬೇಡ, ಬಿಡಬೇಡ" ಅಂತ ಕೂಗಿದ. ನೀನು ಮತ್ತೆ ಬಿಗಿ ಹಿಡಿದೆ. ಆಮೇಲಿನ ಸದ್ದು ಇಬ್ಬರಿಗೂ ನೆನಪಿದೆ. ಅವನ ಕಾಲು ಆರು ತಿಂಗಳು ಪ್ಲಾಸ್ಟರಿನಲ್ಲಿತ್ತು. ನೀನು ಆ ಮೇಲೆ ಅಂಕಣಕ್ಕೆ ಇಳಿಯಲೇ ಇಲ್ಲ. ಊರೆಲ್ಲ ನಿನ್ನ ಹೆಸರು ಹೇಳಿತು.

ಕೂಗಿದ್ದು ನಾನು. ಸೀಟಿ ಆಗಿತ್ತು, ನನಗೆ ಕೇಳಿಸಿತ್ತು, ಆದರೂ ಕೂಗಿದೆ. ನಿನಗೆ ಗೊತ್ತಿತ್ತೋ ಇಲ್ಲವೋ, ನಾನು ಯಾವತ್ತೂ ಕೇಳಲಿಲ್ಲ. ನಿನ್ನ ಮದುವೆಗೆ ಬಂದೆ, ನಿನ್ನ ಅಮ್ಮ ತೀರಿಕೊಂಡಾಗ ಬಂದೆ, ಪ್ರತಿ ಸಲ ಹೇಳಬೇಕು ಅಂದುಕೊಂಡು ಬಸ್ಸು ಹತ್ತಿ ವಾಪಸಾದೆ. ಈ ಮಳೆಗಾಲ ಇಡೀ "ಬಿಡೋ, ಬಿಡೋ" ಅಂತ ಕೂಗಿ ಕೂಗಿ ಗಂಟಲು ಕೆಟ್ಟಿದೆ. ಪ್ರತಿ ಸಲ ಕೂಗುವಾಗ ಆ ಗದ್ದೆಯೇ ಕಾಣುತ್ತಿತ್ತು. ನನ್ನನ್ನು ಕ್ಷಮಿಸು ಮಾರಾಯ.

ಈಗ ನೀನು ಕೇಳಿದ ಫೋಟೋ. ಸೆಪ್ಟೆಂಬರಿನ ಕೊನೆಯ ಪಂದ್ಯ, ಮೂರನೇ ಸ್ಥಾನಕ್ಕೆ. 10–12ರಲ್ಲಿ ಹಿಂದಿದ್ದೆವು, ಕೊನೆಯ ನಿಮಿಷ, ಚೆಂಡು ಅವರ ಹತ್ತಿರ. ಅವರ ದೊಡ್ಡ ಹುಡುಗ ಅಂಚಿನಲ್ಲಿ ಓಡಿಬಂದ. ನಮ್ಮ ಎಡ ಕಾರ್ನರ್ ಹಾರಿ ಪಾದ ಹಿಡಿದ. ಇಬ್ಬರೂ ಬಿದ್ದರು, ಅವರ ಮೇಲೆ ನಮ್ಮವರು, ಅವರವರು. ಫೋಟೋವನ್ನು ದೊಡ್ಡದು ಮಾಡಿ ಎಡಗಡೆಯ ಮೂಲೆ ನೋಡು. ಕೆಸರಲ್ಲಿ ಮಂಡಿಯೂರಿ ಏಳುತ್ತಿರುವ ಸಣ್ಣ ಹುಡುಗ ಕಾಣುತ್ತಾನೆ. ಎರಡೂ ಕೈ ಮೇಲೆ, ಅಂಗೈ ಬಿಚ್ಚಿ ರೆಫರಿಗೆ ತೋರಿಸುತ್ತಿದ್ದಾನೆ. ಬಿಟ್ಟಿದ್ದೇನೆ ನೋಡಿ ಅಂತ. ಆಮೇಲೆ ಕಾಲ ಮೇಲೆ ನಿಂತು ಚೆಂಡಿಗೆ ಬಗ್ಗಿದ. ಬಿದ್ದವನು ಚೆಂಡು ಬಿಡಲಿಲ್ಲ. ಸೀಟಿ. ಪೆನಾಲ್ಟಿ ನಮಗೆ!

ಅವನೇ ಚೆಂಡನ್ನು ಕಾಲಿಗೆ ತಾಗಿಸಿ ಓಡಿದ, ಎರಡು ಪಾಸು ಆಯಿತು, ಗೆರೆಗೆ ಮೂರು ಮೀಟರು ಇರುವಾಗ ಒದ್ದೆ ಚೆಂಡು ನಮ್ಮವನ ಕೈಯಿಂದ ಮುಂದಕ್ಕೆ ಜಾರಿತು. ಅಲ್ಲಿಗೆ ಪಂದ್ಯ ಮುಗಿಯಿತು. ಬಸ್ಸಿನಲ್ಲಿ ಯಾರೂ ಮಾತಾಡಲಿಲ್ಲ. ದಾದರ್ ದಾಟಿದ ಮೇಲೆ ಅವನು ನನ್ನ ಸೀಟಿನ ಹತ್ತಿರ ಬಂದು, "ಸರ್, ಪಾದ ಹಿಡಿಯುವಾಗ ನನ್ನ ಎಡಗೈ ಜಾರುತ್ತದೆ" ಅಂದ. ನನಗೆ ಗೊತ್ತಿರುವವರಲ್ಲಿ ಅದನ್ನು ಸರಿಯಾಗಿ ಹಿಡಿಯುತ್ತಿದ್ದವನು ಒಬ್ಬನೇ, ಅವನು ಊರಿನಲ್ಲಿದ್ದಾನೆ ಅಂದೆ. ನಿನ್ನ ಹೆಸರು ಬರೆದುಕೊಂಡಿದ್ದಾನೆ.

ಡಿಸೆಂಬರ್ ರಜೆಗೆ ಅವನನ್ನೂ ಇನ್ನು ನಾಲ್ವರನ್ನೂ ಕರೆದುಕೊಂಡು ಬರುತ್ತೇನೆ, ನೀನು ಬೇಡ ಅನ್ನದಿದ್ದರೆ. ಚೆಂಡು ನಾನೇ ತರುತ್ತೇನೆ. ಅಷ್ಟರಲ್ಲಿ ಕೊಯ್ಲು ಮುಗಿದಿರುತ್ತದಲ್ಲ, ದೇವಸ್ಥಾನದ ಹಿಂದಿನ ಗದ್ದೆಯ ಕೂಳೆ ಸ್ವಲ್ಪ ಸವರಿಸಿ ಇಡು, ಪೇಟೆಯ ಮಕ್ಕಳ ಕಾಲಿಗೆ ಚುಚ್ಚುತ್ತದೆ.

ನಿನ್ನ,
ಬಲ ಕಾರ್ನರ್