ಬಾವಿಲ್ಲದ ಕಾಲಿಗೂ ಮಾತ್ರೆ ಬೇಕು

ಮಾನ್ಯರೆ,

ಆನೆಕಾಲು ರೋಗದ ಮಾತ್ರೆ ಹಿಡಿದು ಆಶಾ ಕಾರ್ಯಕರ್ತೆಯರು ಬಾಗಿಲಿಗೆ ಬಂದರೆ ‘ಕಾಲು ಬಾತವರಿಗೆ ಕೊಡ್ರಿ, ನಮಗ್ಯಾಕೆ’ ಅನ್ನುವವರು ಕಲಬುರಗಿ, ಬೀದರ್ ಕಡೆ ಇನ್ನೂ ಇದ್ದಾರೆ. ಲೆಕ್ಕ ತಿರುಗುಮುರುಗಾಗಿದೆ. ವರ್ಷಗಟ್ಟಲೆ ಕಾಲು ಬಾತವರ ರಕ್ತದಲ್ಲಿ ಎಷ್ಟೋ ಸಲ ಮೈಕ್ರೋಫೈಲೇರಿಯಾ (ರೋಗದ ಹುಳುವಿನ ಮರಿಗಳು) ಸಿಗುವುದೇ ಇಲ್ಲ. ಸೊಳ್ಳೆಗೆ ಮರಿಹುಳು ದಾಟಿಸುವವರು ಬಹುಪಾಲು ಗಟ್ಟಿಮುಟ್ಟಾಗಿ ಓಡಾಡಿಕೊಂಡಿರುವವರು.

ಈ ರೋಗ ತರುವ, ದಾರದೆಳೆಯಂಥ ವುಚೆರೇರಿಯಾ ಹುಳು ದುಗ್ಧನಾಳದಲ್ಲಿ (ಲಿಂಫ್ ನಾಳ) 6–8 ವರ್ಷ ಬಾಳುತ್ತದೆ, ಲಕ್ಷಗಟ್ಟಲೆ ಮರಿ ಹಾಕುತ್ತದೆ. ಇಷ್ಟಾದರೂ ಜ್ವರವಿಲ್ಲ, ನೋವಿಲ್ಲ. ಕಾರಣ, ದೇಹದ ಪ್ರತಿರೋಧವನ್ನೇ ಅದು ತಣ್ಣಗಾಗಿಸಿರುತ್ತದೆ: ಉರಿಯೂತ ತಗ್ಗಿಸುವ ಇಂಟರ್‌ಲ್ಯೂಕಿನ್-10 ಎಂಬ ಪ್ರೋಟೀನ್ ಏರಿ ಉರಿಯೂತ ಅಡಗುತ್ತದೆ. ಒಳಗೆ ಮಾತ್ರ ನಾಳಗಳು ಆಗಲೇ ಹಿಗ್ಗಿರುತ್ತವೆ. ಏನೂ ತೊಂದರೆಯಿಲ್ಲದ ಗಂಡಸರ ವೃಷಣಚೀಲಕ್ಕೆ ಅಲ್ಟ್ರಾಸೌಂಡ್ ಹಿಡಿದರೆ ಹುಳು ಹೊರಳಾಡುವುದು ಕಾಣುವುದುಂಟು.

‘ಲ್ಯಾಬಿನಲ್ಲಿ ನೆಗೆಟಿವ್ ಬಂದಿದೆ’ ಎಂಬ ಮಾತಿಗೂ ಮೊದಲು ರಕ್ತ ಕೊಟ್ಟ ಹೊತ್ತು ಕೇಳಬೇಕು. ಹಗಲಲ್ಲಿ ಮರಿಗಳು ಶ್ವಾಸಕೋಶದ ರಕ್ತನಾಳಗಳಲ್ಲಿ ಅವಿತಿರುತ್ತವೆ. ಕ್ಯೂಲೆಕ್ಸ್ ಸೊಳ್ಳೆ ಕಚ್ಚುವ ವೇಳೆಗೆ, ರಾತ್ರಿ 10ರಿಂದ 2ರೊಳಗೆ, ಚರ್ಮದಡಿಯ ರಕ್ತಕ್ಕೆ ಬರುತ್ತವೆ. ಆ ಹೊತ್ತಿನಲ್ಲೇ ಬೆರಳು ಚುಚ್ಚಿ 60 ಮೈಕ್ರೋಲೀಟರ್ ರಕ್ತದ ದಪ್ಪ ಲೇಪನ ಮಾಡಬೇಕು. ರಕ್ತದಲ್ಲಿ ಹುಳುವಿನ ಅಂಶ ಪತ್ತೆಮಾಡುವ ಆ್ಯಂಟಿಜೆನ್ ಪಟ್ಟಿಗೆ ಹಗಲು–ರಾತ್ರಿಯ ಹಂಗಿಲ್ಲ, 75 ಮೈಕ್ರೋಲೀಟರ್ ಸಾಕು. ಆದರೆ ಸರಿಯಾಗಿ 10ನೇ ನಿಮಿಷಕ್ಕೆ ಓದಬೇಕು. ತಡವಾದರೆ ಹುಳುವಿಲ್ಲದಿದ್ದರೂ ಪಾಸಿಟಿವ್ ಗೆರೆ ಮೂಡಬಹುದು.

ಆಶಾ ಕಾರ್ಯಕರ್ತೆಯರು ತರುವ 100 ಮಿ.ಗ್ರಾಂ.ನ ಡಿಇಸಿ (ಡೈಈಥೈಲ್‌ಕಾರ್ಬಮಜೈನ್) ಮಾತ್ರೆ 2–5 ವರ್ಷದವರಿಗೆ ಒಂದು, 6–14ರವರಿಗೆ ಎರಡು, 15 ತುಂಬಿದವರಿಗೆ ಮೂರು. ಜತೆಗೆ ಜಂತುಹುಳುವಿನ ಮಾತ್ರೆ ಆಲ್ಬೆಂಡಜೋಲ್ ಒಂದು, ಅದನ್ನು ಅಗಿದು ನುಂಗಬೇಕು. ಮೂರನೆಯ ಔಷಧ ಐವರ್ಮೆಕ್ಟಿನ್ ಕೊಡುವ ಕಡೆ ಅದರ ಪ್ರಮಾಣಕ್ಕೆ ವಯಸ್ಸಲ್ಲ, ಎತ್ತರವೇ ಅಳತೆ. ಖಾಲಿ ಹೊಟ್ಟೆಯಲ್ಲಿ ಬೇಡ. ಎರಡು ವರ್ಷದೊಳಗಿನ ಕೂಸು, ಗರ್ಭಿಣಿಯರು, ತೀವ್ರ ಕಾಯಿಲೆಯಲ್ಲಿರುವವರಿಗೆ ಕೊಡುವುದಿಲ್ಲ. ನುಂಗಿದ ಮೇಲೆ ಕೆಲವರಿಗೆ ಜ್ವರ, ತಲೆನೋವು, ಮೈಕೈನೋವು ಬರುತ್ತದೆ. ಊರಲ್ಲಿ ‘ಮಾತ್ರೆ ಕೆಟ್ಟದ್ದು’ ಎಂಬ ಸುದ್ದಿ ಹಬ್ಬುವುದು ಇಲ್ಲಿಂದಲೇ. ಅದು ಹೆಚ್ಚಾಗಿ ಸಾಯುತ್ತಿರುವ ಮರಿಗಳ ಪ್ರತಾಪ. ಒಂದೆರಡು ದಿನದಲ್ಲಿ ಇಳಿಯುತ್ತದೆ. ದೊಡ್ಡ ಹುಳುಗಳೆಲ್ಲ ಒಂದೇ ಸಲಕ್ಕೆ ಸಾಯುವುದಿಲ್ಲ, ಹಾಗಾಗಿ ಮರುವರ್ಷ ಮತ್ತೆ ನುಂಗಬೇಕು.

ಮಾತ್ರೆ ಎಣಿಸಿ ಕೈಗಿಟ್ಟು, ವಹಿಯಲ್ಲಿ ಗುರುತು ಹಾಕಿ ಮುಂದಿನ ಮನೆಗೆ ಹೋಗುವುದು ಔಷಧ ನುಂಗಿಸಿದಂತಲ್ಲ. ದುಡಿಯುವ ಗಂಡಸರು ಹಗಲು ಮನೆಯಲ್ಲಿ ಸಿಗುವುದೂ ಇಲ್ಲ. ಆರೋಗ್ಯ ಇಲಾಖೆಯ ತಂಡಗಳು ರಾತ್ರಿ ಊಟದ ಹೊತ್ತಿಗೆ ಬಂದು, ಉಂಡವರಿಗೆ ಕಣ್ಣೆದುರೇ ನುಂಗಿಸಿ ಹೋಗಲಿ.

– ಪ್ರಯೋಗಾಲಯ ತಂತ್ರಜ್ಞರು, ಕಲಬುರಗಿ