ತಾಮ್ರಕ್ಕೆ ಮೂವತ್ತನಾಲ್ಕೂವರೆ ನ್ಯೂಟ್ರಾನ್?

ಮಾನ್ಯ ಸಂಪಾದಕರೇ,

ಹೈಸ್ಕೂಲ್ ಮಕ್ಕಳಿಗೆ ಮನೆಯಲ್ಲೇ ವಿಜ್ಞಾನದ ಟ್ಯೂಷನ್ ಹೇಳುವವಳು ನಾನು. ಪರೀಕ್ಷೆ ಹತ್ತಿರ ಬಂದಂತೆ ಮಕ್ಕಳು ಮುಗಿಬಿದ್ದು ಕೊಳ್ಳುವ ಗೈಡುಗಳ ಬಗ್ಗೆ ಈ ಪತ್ರ.

ಈಚೆಗೆ ಒಬ್ಬಳು ತಂದ ಗೈಡಿನಲ್ಲಿ ಒಂದು ಪಟ್ಟಿ ಇತ್ತು: ಧಾತು, ಪರಮಾಣು ಸಂಖ್ಯೆ (ಪ್ರೋಟಾನ್‌ಗಳ ಎಣಿಕೆ), ರಾಶಿ ಸಂಖ್ಯೆ (ಪ್ರೋಟಾನ್, ನ್ಯೂಟ್ರಾನ್ ಎರಡೂ ಕೂಡಿದ ಎಣಿಕೆ), ನ್ಯೂಟ್ರಾನ್. ತಾಮ್ರದ ಮುಂದೆ 29, 63.5, 34.5 ಅಂತ ಅಚ್ಚಾಗಿದೆ; 63.5ರಲ್ಲಿ 29 ಕಳೆದು ಬರೆದಿದ್ದಾರೆ. ಕ್ಲೋರಿನ್‌ಗೆ ಹದಿನೆಂಟೂವರೆ ನ್ಯೂಟ್ರಾನ್! ಅರ್ಧ ನ್ಯೂಟ್ರಾನ್ ಎಲ್ಲಿಂದ ಬಂತು ಅಂತ ಬರೆದವರಿಗೂ ಅನ್ನಿಸಿಲ್ಲ, ಅಚ್ಚು ಹಾಕಿದವರಿಗೂ ಅನ್ನಿಸಿಲ್ಲ. ಹುಡುಗಿಗೆ ಮಾತ್ರ ಅನುಮಾನ ಬಂದಿತ್ತು. ‘ಮಿಸ್, 64 ಅಂತ ಮಾಡ್ಕೊಂಡ್ರೆ 35 ಬರುತ್ತೆ, ಸರಿ ಹೋಗುತ್ತೆ ಅಲ್ವಾ?’ ಅಂದಳು.

ಸರಿ ಹೋಗುವುದಿಲ್ಲ. ನಮ್ಮ ಪಕ್ಕದ ಇಂಗಳದಾಳಿನ ಗಣಿಯಲ್ಲಿ ತೆಗೆದ ತಾಮ್ರವಿರಲಿ, ಚಿಲಿ ದೇಶದ್ದಿರಲಿ, ಅದರಲ್ಲಿರುವುದು ಎರಡೇ ಬಗೆಯ ಪರಮಾಣು. ನೂರರಲ್ಲಿ ಸುಮಾರು 69ರ ರಾಶಿ ಸಂಖ್ಯೆ 63, ಉಳಿದವುಗಳದ್ದು 65. ಅಂದರೆ ನ್ಯೂಟ್ರಾನ್ 34 ಇಲ್ಲವೇ 36. ಮೂವತ್ತೈದು ಇರುವ ತಾಮ್ರ ನೆಲದಲ್ಲಿ ಸಿಗುವುದೇ ಇಲ್ಲ. ಅದನ್ನು ಕೃತಕವಾಗಿ ತಯಾರಿಸಬೇಕು. ತಯಾರಿಸಿದರೂ ಹದಿಮೂರು ಗಂಟೆಯೊಳಗೆ ಅರ್ಧದಷ್ಟು ನಿಕ್ಕಲ್ ಅಥವಾ ಸತು ಆಗಿಬಿಡುತ್ತದೆ. 63.5 ಅನ್ನುವುದು ಸರಾಸರಿ ಪರಮಾಣು ರಾಶಿ. ಬ್ಯಾಟರ್ ಒಬ್ಬನ ಸರಾಸರಿ 34.5 ಅಂದರೆ ಅವನು ಯಾವತ್ತೋ ಅರ್ಧ ರನ್ ಓಡಿದ ಅಂತಲ್ಲವಲ್ಲ! ರಾಶಿ ಸಂಖ್ಯೆ ಒಂದೊಂದು ಪರಮಾಣುವಿನ ಪ್ರೋಟಾನ್, ನ್ಯೂಟ್ರಾನ್ ಎಣಿಸಿ ಕೂಡಿದ್ದು. ಅದರಲ್ಲಿ ದಶಾಂಶ ಬರಲು ಜಾಗವೇ ಇಲ್ಲ.

ಸೋಡಿಯಂ, ಅಲ್ಯೂಮಿನಿಯಂ ಥರದ ಧಾತುಗಳಿಗೆ ಪ್ರಕೃತಿಯಲ್ಲಿ ಇರುವುದು ಒಂದೇ ಬಗೆಯ ಪರಮಾಣು. ಅಲ್ಲಿ ಗೈಡಿನವರ ಕಳೆಯುವ ಲೆಕ್ಕ ನಡೆದುಹೋಗುತ್ತದೆ. ಅದನ್ನೇ ನಂಬಿ ಸುಮ್ನೆ ಎಲ್ಲಕ್ಕೂ ಹಚ್ಚಿದ್ದಾರೆ.

ಪರಮಾಣು ಸಂಖ್ಯೆಯಲ್ಲಿ ಈ ಗೋಜಲಿಲ್ಲ. ಪ್ರೋಟಾನ್ 29 ಇದ್ದರೆ ತಾಮ್ರ, ಒಂದು ಹೆಚ್ಚಾದರೆ ಸತು, ಒಂದು ಕಡಿಮೆಯಾದರೆ ನಿಕ್ಕಲ್. ಕೋಬಾಲ್ಟಿನ ಸರಾಸರಿ ರಾಶಿ ನಿಕ್ಕಲ್‌ಗಿಂತ ತುಸು ಜಾಸ್ತಿ. ಆದರೂ ಧಾತುಗಳನ್ನು ಸಾಲಾಗಿ ಜೋಡಿಸಿದ ಆವರ್ತ ಕೋಷ್ಟಕದಲ್ಲಿ ಕೋಬಾಲ್ಟ್ 27, ನಿಕ್ಕಲ್ 28. ಸ್ಥಾನ ತೀರ್ಮಾನಿಸುವುದು ರಾಶಿಯಲ್ಲ, ಪರಮಾಣು ಸಂಖ್ಯೆ ಅಂತ 1913ರಲ್ಲಿ ಎಕ್ಸ್‌–ರೇ ಅಳೆದು ತೋರಿಸಿದವರು ಇಂಗ್ಲೆಂಡಿನ ಭೌತವಿಜ್ಞಾನಿ ಮೋಸ್ಲೆ. ಎರಡೇ ವರ್ಷಕ್ಕೆ, ಇನ್ನೂ 27ರ ಹರೆಯದಲ್ಲಿ, ಮೊದಲ ಮಹಾಯುದ್ಧದ ಗಲಿಪೊಲಿ ಕಾಳಗದಲ್ಲಿ ಗುಂಡೇಟಿಗೆ ಬಲಿಯಾದರು. ಗೈಡಿನಲ್ಲಿ ಅವರ ಹೆಸರೂ ಇಲ್ಲ.

ಗೈಡ್ ಹೊರತರುವವರು ಮುಂದಿನ ಮುದ್ರಣದಲ್ಲಾದರೂ ಆ ಪಟ್ಟಿಯ ‘ರಾಶಿ ಸಂಖ್ಯೆ’ ಎಂಬ ತಲೆಬರಹವನ್ನು ‘ಸರಾಸರಿ ಪರಮಾಣು ರಾಶಿ’ ಎಂದು ತಿದ್ದಲಿ, ನ್ಯೂಟ್ರಾನಿನ ಕಂಬಸಾಲು ತೆಗೆಯಲಿ. ಪ್ರಶ್ನೆಪತ್ರಿಕೆ ತೆಗೆಯುವ ಮೇಷ್ಟ್ರುಗಳಲ್ಲೂ ಒಂದು ವಿನಂತಿ: ನ್ಯೂಟ್ರಾನ್ ಲೆಕ್ಕ ಕೇಳುವಾಗ ಬರೀ ತಾಮ್ರ ಅನ್ನದೆ ‘ತಾಮ್ರ–63’ ಅಂತಲೇ ಬರೆದು ಕೇಳಿ.

– ಟ್ಯೂಷನ್ ಟೀಚರ್, ಜೋಗಿಮಟ್ಟಿ ರಸ್ತೆ, ಚಿತ್ರದುರ್ಗ